ಥರ್ಲಸ್‌ಗೆ ಕೆಂಪಂಗಿಯಲ್ಲಿ ಹೋದ ಭಾನುವಾರ

ಹಿಂದಿನ ಸಂಜೆಯೇ ನನ್ನ ಗಂಟಲು ಹೋಗಿತ್ತು. 2024ರ ಮೇ 18, ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮತ್ತು ಚೆನ್ನೈ. ಚೆನ್ನೈ 201 ಮುಟ್ಟಿಬಿಟ್ಟರೆ ಸೋತರೂ ಅವರೇ ಪ್ಲೇಆಫ್‌ಗೆ ಅನ್ನೋ ವಿಚಿತ್ರ ಲೆಕ್ಕ. ಕೊನೇ ಓವರಿನ ಮೊದಲ ಬಾಲನ್ನೇ ಧೋನಿ ಸ್ಟೇಡಿಯಂನಾಚೆ ಎತ್ತಿದಾಗ ಡಬ್ಲಿನ್ನಿನ ಆ ಪುಟ್ಟ ಫ್ಲಾಟಿನಲ್ಲಿ ನಾವು ಆರು ಜನ ಉಸಿರು ಬಿಗಿಹಿಡಿದಿದ್ದೆವು. ಮುಂದಿನ ಬಾಲಿಗೇ ಧೋನಿ ಔಟ್. ಚೆನ್ನೈ 191ಕ್ಕೆ ನಿಂತಿತು. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿ, ಎಲ್ಲ ಸರಿಯಿದೆ ತಾನೆ ಅಂತ ವಿಚಾರಿಸಿಕೊಂಡು ಹೋದರು.

ಬೆಳಗ್ಗೆ ಎದ್ದವನು ಅದೇ ಕೆಂಪು ಜೆರ್ಸಿಯಲ್ಲೇ ಹ್ಯೂಸ್ಟನ್ ಸ್ಟೇಷನ್ನಿಗೆ ಹೊರಟೆ. ಆಫೀಸಿನ ಗೆಳೆಯನೊಬ್ಬ ಕಾರ್ಕ್ ಜಿಲ್ಲೆಯವನು. ಎರಡು ವರ್ಷದಿಂದ ನನ್ನ ಕ್ರಿಕೆಟ್ ಪುರಾಣ ಕೇಳಿ ಕೇಳಿ ಸಾಕಾಗಿ, "ಒಂದು ಸಲ ಹರ್ಲಿಂಗ್ ನೋಡು, ಆಮೇಲೆ ಮಾತಾಡು" ಅಂತ ಟಿಕೆಟ್ ತೆಗೆಸಿದ್ದ. ಹರ್ಲಿಂಗ್ ಅಂದರೆ ಮರದ ಕೋಲಿನಿಂದ ಚೆಂಡು ಹೊಡೆದಾಡುವ ಐರ್ಲೆಂಡಿನ ಊರಾಟ. ಟಿಪ್ಪರರಿ ಜಿಲ್ಲೆಯ ಥರ್ಲಸ್ ಊರಲ್ಲಿ ಕಾರ್ಕ್ ಮತ್ತು ಟಿಪ್ಪರರಿ ಮ್ಯಾಚು. ಪ್ಲಾಟ್‌ಫಾರಂ ಮೇಲೆ ನನ್ನನ್ನು ನೋಡಿ ಅವನ ಮುಖ ಊರಗಲ ಆಯಿತು. ಕಾರ್ಕಿನ ಬಣ್ಣವೂ ಕೆಂಪೇ. ಅದು ನಮ್ಮ ಬೆಂಗಳೂರಿನ ಜೆರ್ಸಿ ಕಣೋ ಅಂದರೂ ಕೇಳಲಿಲ್ಲ. "ಕೆಂಪು ಅಂದರೆ ಕೆಂಪು, ನೀನು ಇವತ್ತು ನಮ್ಮವನು."

ರೈಲಿನಲ್ಲಿ ಕೆಂಪಂಗಿಯವರೂ ನೀಲಿ–ಹಳದಿಯವರೂ ಎದುರುಬದುರು ಕೂತು ಒಂದೇ ಮೇಜಿನ ಮೇಲೆ ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದರು. ನೀಲಿ–ಹಳದಿ ಟಿಪ್ಪರರಿಯದ್ದು. ಪಕ್ಕದ ಸಾಲಿನ ಹೆಂಗಸು ನನ್ನ ಎದೆಮೇಲಿನ ಸಿಂಹವನ್ನು ನೋಡಿ, ಇದು ಕಾರ್ಕಿನ ಯಾವ ಕ್ಲಬ್ಬು ಅಂತ ಕೇಳಿದಳು. ಗೆಳೆಯ ಬಾಯಿ ಹಾಕುವ ಮುಂಚೆ ನಾನೇ ನಿಜ ಹೇಳಿದೆ. ಆಕೆಯ ಮುಂದಿನ ಪ್ರಶ್ನೆ: "ಹಾಗಾದರೆ ನಿಮ್ಮ ತಂಡದವರೆಲ್ಲ ಬೆಂಗಳೂರಿನ ಹುಡುಗರಾ?"

ಏನು ಹೇಳೋದು? ನಾಯಕ ಡುಪ್ಲೆಸಿ ದಕ್ಷಿಣ ಆಫ್ರಿಕಾದವನು. ನಾವು ಪ್ರಾಣ ಬಿಡುವ ಕೊಹ್ಲಿ ದೆಹಲಿಯವನು. ರಾತ್ರಿ ನಮ್ಮ ಮಾನ ಉಳಿಸಿದ ಯಶ್ ದಯಾಳ್ ಉತ್ತರ ಪ್ರದೇಶದವನು. ಹರಾಜಿನಲ್ಲಿ ಕೊಂಡು ತರುತ್ತೇವೆ ಅಂದೆ. ಹರಾಜು ಅನ್ನೋ ಮಾತು ಕೇಳಿ ಆಕೆ ನಕ್ಕಳು. ಅವರ ಕಡೆ ದನದ ಸಂತೆಯಲ್ಲಿ ಹರಾಜು ನಡೆಯುತ್ತದಂತೆ. ನಮ್ಮ ಕಡೆಯೂ ನಡೆಯುತ್ತೆ ಬಿಡಿ ಅಂದೆ.

ಗೆಳೆಯ ಆಗ ಬಿಡಿಸಿ ಹೇಳಿದ. ಹರ್ಲಿಂಗ್‌ನಲ್ಲಿ ಹರಾಜಿಲ್ಲ, ಸಂಬಳವೂ ಇಲ್ಲ. ತನ್ನ ಪ್ಯಾರಿಷ್‌ನ ಕ್ಲಬ್ಬಿಗೆ ಆಡಬೇಕು. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಊರುಗಳು, ನಮ್ಮ ಲೆಕ್ಕದಲ್ಲಿ ಹೋಬಳಿ ಅಂತಿಟ್ಟುಕೊಳ್ಳಿ. ಅಲ್ಲಿ ಚೆನ್ನಾಗಿ ಆಡಿದರೆ ಜಿಲ್ಲಾ ತಂಡಕ್ಕೆ. ಅಲ್ಲಿಗೆ ಮುಗಿಯಿತು, ಅದಕ್ಕಿಂತ ಮೇಲೆ ಯಾವುದೂ ಇಲ್ಲ. ಭಾನುವಾರ ಮೂವತ್ತು–ನಲವತ್ತು ಸಾವಿರ ಜನರ ಮುಂದೆ ಆಡಿದವನು ಸೋಮವಾರ ಶಾಲೆಯಲ್ಲಿ ಪಾಠ ಮಾಡುತ್ತಾನೆ, ಇಲ್ಲ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾನೆ. ನನಗೆ ನಂಬಿಕೆ ಬರಲಿಲ್ಲ. ಎಲ್ಲೋ ಒಂದು ಕಡೆ ದುಡ್ಡು ಇರಲೇಬೇಕು ಅಂತ ನನ್ನ ಐಪಿಎಲ್ ಬುದ್ಧಿ ಹೇಳುತ್ತಿತ್ತು. ಇದೆ, ಟಿಕೆಟ್ಟಿನದು, ಟೀವಿಯದು. ಆದರೆ ಆಡುವವನಿಗೆ ಸಂಬಳವಾಗಿ ಹೋಗುವುದಿಲ್ಲ.

ಕಿಲ್ಡೇರ್ ಬಯಲು, ಪೋರ್ಟ್‌ಲೀಷ್, ಟೆಂಪಲ್‌ಮೋರ್. ಉದ್ದಕ್ಕೂ ಹಸಿರು, ಕುರಿ, ಕಲ್ಲಿನ ಗೋಡೆ. ವರ್ಣಿಸುವಂಥದ್ದೇನಿಲ್ಲ. ಒಂದೂಕಾಲು ಗಂಟೆಯಲ್ಲಿ ಥರ್ಲಸ್.

ಊರು ಚಿಕ್ಕದು. ಮದ್ದೂರಿನಷ್ಟೂ ಇಲ್ಲ. ನಡುವೆ ಲಿಬರ್ಟಿ ಸ್ಕ್ವೇರ್ ಅಂತ ಉದ್ದನೆ ಚೌಕ, ಆ ಬದಿಗೆ ಶೂರ್ ನದಿ. ಚೌಕದಲ್ಲಿ ಆವತ್ತು ಕಾಲಿಡಲು ಜಾಗವಿರಲಿಲ್ಲ, ಪಬ್ಬುಗಳೆಲ್ಲ ರಸ್ತೆಗೆ ಸುರಿದುಕೊಂಡಿದ್ದವು. ಹೇಯ್ಸ್ ಹೋಟೆಲಿನ ಮುಂದೆ ಗೆಳೆಯ ನಿಂತು ಟೋಪಿ ತೆಗೆದ. ತಮಾಷೆಗೆ ತೆಗೆದನೋ ಭಕ್ತಿಗೋ ತಿಳಿಯಲಿಲ್ಲ. 1884ರ ನವೆಂಬರ್ 1ರಂದು ಮೈಕೇಲ್ ಕ್ಯೂಸಾಕ್ ಅನ್ನೋ ಮೇಷ್ಟ್ರು, ಮಾರಿಸ್ ಡೇವಿನ್ ಅನ್ನೋ ಅಥ್ಲೀಟು, ಜೊತೆಗೆ ಬೆರಳೆಣಿಕೆಯ ಮಂದಿ ಇಲ್ಲಿ ಕೂತು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಬ್ರಿಟಿಷರ ಆಟಗಳು ಬಂದು ಹರ್ಲಿಂಗ್‌ನಂಥ ಊರಾಟಗಳು ಸಾಯುತ್ತಿವೆ ಅನ್ನೋದು ಅವರ ಸಂಕಟ. ಆ ಸಂಕಟ ಎಷ್ಟು ದೂರ ಹೋಯಿತೆಂದರೆ, ಸಂಘದ ಸದಸ್ಯ ಕ್ರಿಕೆಟ್ಟು, ರಗ್ಬಿ, ಸಾಕರ್ ಆಡುವುದಿರಲಿ, ನೋಡಿದರೂ ಹೊರಗೆ ಹಾಕುತ್ತಿದ್ದರು. ಆ ನಿಷೇಧ ತೆಗೆದದ್ದು 1971ರಲ್ಲಿ. ಮಜಾ ಏನೆಂದರೆ ಕ್ಯೂಸಾಕ್ ಮೇಷ್ಟ್ರೇ ಒಂದು ಕಾಲಕ್ಕೆ ಕ್ರಿಕೆಟ್ ಆಡಿದವರು. "ಹಾಗಾದರೆ ನಿಮ್ಮಪ್ಪನ ಕಾಲದಲ್ಲಿ ನನ್ನನ್ನ ಈ ಸ್ಟೇಡಿಯಂ ಬಾಗಿಲಲ್ಲೇ ತಡೀತಿದ್ದರು" ಅಂದೆ. "ತಡೆಯಬೇಕಿತ್ತು" ಅಂದ.

ಸೆಂಪಲ್ ಸ್ಟೇಡಿಯಂನಲ್ಲಿ ಎರಡು ಕಡೆಯವರಿಗೆ ಬೇರೆ ಬೇರೆ ಗ್ಯಾಲರಿ ಇಲ್ಲ. ಮಧ್ಯೆ ಪೊಲೀಸರ ಸಾಲೂ ಇಲ್ಲ. ನನ್ನ ಎಡಕ್ಕೆ ಗೆಳೆಯ. ಬಲಕ್ಕೆ ನೀಲಿ–ಹಳದಿ ಟೋಪಿಯ ಒಬ್ಬ ತಾತ, ಅವರ ಆ ಬದಿಗೆ ಹನ್ನೊಂದರ ಆಸುಪಾಸಿನ ಮೊಮ್ಮಗಳು, ತೊಡೆಯ ಮೇಲೆ ಅವಳದೇ ಹರ್ಲಿ, ಅಂದರೆ ಆಟದ ಕೋಲು. ತಾತ ನನ್ನ ಅಂಗಿ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಅಂಗಿ ನೋಡಿದರು.

"ನೀನು ಯಾವೂರವನಪ್ಪಾ?"

ಇಂಗ್ಲಿಷಿನಲ್ಲೇ ಕೇಳಿದ್ದು. ಆದರೆ ಆ ಧಾಟಿ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುವುದೇ. ಡಬ್ಲಿನ್ ಅಂದೆ. ತಲೆಯಾಡಿಸಿದರು. "ಅದು ಮನೆ. ಊರು?" ಇಂಡಿಯಾ ಅಂದೆ. ಅದಕ್ಕೂ ತೃಪ್ತಿಯಿಲ್ಲ, ಇಂಡಿಯಾದಲ್ಲಿ ಎಲ್ಲಿ? ಸಾಮಾನ್ಯವಾಗಿ ಹೊರಗಿನವರಿಗೆ ಬೆಂಗಳೂರು ಅಂದು ಮುಗಿಸುವುದು ರೂಢಿ. ಆವತ್ತು ಯಾಕೋ ಮಂಡ್ಯ ಅಂದೆ.

"ಅಲ್ಲಿ ಏನು ಬೆಳೀತೀರಿ?"

"ಕಬ್ಬು. ಊರಲ್ಲಿ ಸಕ್ಕರೆ ಕಾರ್ಖಾನೆ ಇದೆ."

ತಾತ ಪೂರ್ತಿ ನನ್ನ ಕಡೆ ತಿರುಗಿದರು. ಥರ್ಲಸ್‌ನಲ್ಲೂ ಸಕ್ಕರೆ ಕಾರ್ಖಾನೆ ಇತ್ತಂತೆ. ಕಬ್ಬಿನದ್ದಲ್ಲ, ಬೀಟ್ ಗೆಡ್ಡೆಯದ್ದು. 1934ರಲ್ಲಿ ಶುರುವಾದದ್ದು, ಎಂಬತ್ತರ ದಶಕದ ಕೊನೆಗೆ ಮುಚ್ಚಿಹೋಯಿತು. ನಮ್ಮ ಮೈಷುಗರ್ ಹುಟ್ಟಿದ್ದು 1933ರಲ್ಲಿ. ಹರೆಯದಲ್ಲಿ ಅವರು ಬೀಟ್ ತುಂಬಿದ ಟ್ರಾಕ್ಟರ್ ತಂದು ಗೇಟಿನ ಮುಂದೆ ರಾತ್ರಿಯೆಲ್ಲ ಸಾಲಿನಲ್ಲಿ ಕಾಯುತ್ತಿದ್ದರಂತೆ. ನಾನು ನಮ್ಮಪ್ಪನ ಎತ್ತಿನಗಾಡಿ ಸಾಲಿನ ಕಥೆ ಹೇಳಿದೆ. ಕಾರ್ಖಾನೆ ನಡೆಯುವಾಗ ಊರಿಗೆಲ್ಲ ಹಬ್ಬುವ ಕಾಕಂಬಿ ವಾಸನೆ ಹೇಗೆ ವಿವರಿಸಲಿ ಅಂತ ತಡವರಿಸುತ್ತಿದ್ದೆ. ಅವರೇ ಮೂಗು ಸೊಟ್ಟ ಮಾಡಿ ತೋರಿಸಿದರು. ಅಷ್ಟು ಸಾಕಾಯಿತು.

ಎಡಗಡೆಯಿಂದ ಗೆಳೆಯ ಮೊಣಕೈಯಲ್ಲಿ ತಿವಿದ. ಶತ್ರುಗಳ ಜೊತೆ ಇಷ್ಟು ಸಲಿಗೆ ಬೇಡವಂತೆ.

ರಾಷ್ಟ್ರಗೀತೆ ಆಯಿತು. ಕೊನೇ ಸಾಲು ಮುಗಿಯುವ ಮುಂಚೆಯೇ ಜನ ಕೂಗಿದ ಕೂಗಿಗೆ ಗೀತೆ ಮುಳುಗಿಹೋಯಿತು. ರೆಫರಿ ಚೆಂಡು ನಡುವೆ ಎಸೆದ. ಆಮೇಲೆ ಒಂದು ಹತ್ತು ನಿಮಿಷ ನನಗೆ ಏನೇನೂ ಕಾಣಲಿಲ್ಲ.

ನಿಜವಾಗಿ ಕಾಣಲಿಲ್ಲ. ಮೈದಾನ ಸುಮಾರು 140 ಮೀಟರ್ ಉದ್ದ, ಚೆಂಡು ಟೆನಿಸ್ ಚೆಂಡಿಗಿಂತ ಸ್ವಲ್ಪ ದಪ್ಪ, ಗಂಟೆಗೆ ನೂರೈವತ್ತು ಕಿಲೋಮೀಟರ್ ದಾಟುವ ವೇಗ. ಕ್ರಿಕೆಟ್ಟಿನಲ್ಲಿ ಬೌಲರ್ ಓಡಿ ಬರುವಷ್ಟರಲ್ಲಿ ಕಣ್ಣು ಸಿದ್ಧವಾಗುತ್ತದೆ. ಇಲ್ಲಿ ಸಿದ್ಧವಾಗಲು ಬಿಡುವುದೇ ಇಲ್ಲ. ಗೋಲ್‌ಕೀಪರ್ ಹೊಡೆದ ಚೆಂಡು ಎಪ್ಪತ್ತೆಂಬತ್ತು ಮೀಟರ್ ಹಾರಿ ಬರುತ್ತದೆ, ಅದರ ಕೆಳಗೆ ನಾಲ್ಕು ಜನ ನೆಗೆಯುತ್ತಾರೆ, ನಾಲ್ಕು ಮರದ ಕೋಲು ತಲೆಯೆತ್ತರದಲ್ಲಿ ಬೀಸುತ್ತವೆ, ಆ ಕೋಲುಗಳ ನಡುವೆ ಒಬ್ಬ ಬರಿಗೈ ಚಾಚಿ ಚೆಂಡು ಕಿತ್ತುಕೊಳ್ಳುತ್ತಾನೆ! ಪ್ಯಾಡಿಲ್ಲ. ಹೆಲ್ಮೆಟ್ಟೇ ಕಡ್ಡಾಯವಾದದ್ದು 2010ರಲ್ಲಿ. ಕೋಲಿಗೆ ಕೋಲು ತಾಗಿದಾಗ ಬರುವ ಸದ್ದು ನಮ್ಮ ಕೋಲಾಟದ ಸದ್ದಲ್ಲ, ಸೌದೆ ಸೀಳುವಾಗ ಕೊಡಲಿ ಕಚ್ಚಿಕೊಂಡು ಹಠಾತ್ತನೆ ಬಿಡಿಸಿಕೊಳ್ಳುವ ಸದ್ದು.

ನನ್ನ ಪಾಡು ನೋಡಲಾರದೆ ಹುಡುಗಿ ಅಜ್ಜನನ್ನು ದಾಟಿ ನನ್ನ ಪಕ್ಕಕ್ಕೆ ಬಂದಳು. ಪಾಠ ಶುರು. ಚೆಂಡಿನ ಹೆಸರು ಸ್ಲಿಟರ್. ನೆಲದ ಮೇಲಿದ್ದಾಗ ಕೈಯಲ್ಲಿ ಎತ್ತುವಂತಿಲ್ಲ, ಕೋಲಿನಿಂದಲೇ ಎಬ್ಬಿಸಬೇಕು. ಹಿಡಿದ ಮೇಲೆ ನಾಲ್ಕು ಹೆಜ್ಜೆ. ಐದನೆಯದು ಇಟ್ಟರೆ ಫೌಲ್. ಇನ್ನೂ ಓಡಬೇಕಾದರೆ ಕೋಲಿನ ತುದಿಯ ಮೇಲೆ ಚೆಂಡು ನಿಲ್ಲಿಸಿಕೊಂಡೇ ಓಡಬೇಕು, ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತೇವಲ್ಲ ಹಾಗೆ, ಬೆನ್ನ ಹಿಂದೆ ಒಬ್ಬ ಕೋಲು ಬೀಸಿಕೊಂಡು ಬರುತ್ತಿರುವಾಗ. ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲೆ ಹೋದರೆ ಒಂದು ಪಾಯಿಂಟು, ಕೆಳಗೆ ಬಲೆಗೆ ಬಿದ್ದರೆ ಗೋಲು, ಗೋಲಿಗೆ ಮೂರು. ಗೋಲಿನ ಬದಿಯಲ್ಲಿ ಬಿಳಿ ಕೋಟಿನ ಇಬ್ಬರು ನಿಂತಿರುತ್ತಾರೆ, ಥೇಟ್ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರ್‌ಗಳು. ಪಾಯಿಂಟಿಗೆ ಬಿಳಿ ಬಾವುಟ, ಗೋಲಿಗೆ ಹಸಿರು.

ಅವಳ ಹರ್ಲಿ ಕೈಗೆ ತೆಗೆದುಕೊಂಡು ನೋಡಿದೆ. ಐರಿಷ್ ಭಾಷೆಯಲ್ಲಿ ಇದಕ್ಕೆ 'ಕಮಾನ್' ಅಂತಾರೆ, ಬಾಗಿದ್ದು ಅನ್ನೋ ಅರ್ಥದಿಂದ ಬಂದದ್ದು. ನಮ್ಮ ಕಮಾನಿಗೂ ಅದಕ್ಕೂ ಸಂಬಂಧವಿಲ್ಲ, ನಮ್ಮದು ಪಾರಸಿಯಿಂದ ಬಂದ ಮಾತು. ಆದರೂ ಬಾಗಿದ್ದಕ್ಕೆ ಎರಡು ಕಡೆಯೂ ಕಮಾನು ಅನ್ನೋದು ನನಗೆ ವಿನಾಕಾರಣ ಖುಷಿ ಕೊಟ್ಟಿತು. ಆ ಬಾಗು ಕೆತ್ತಿ ಮಾಡಿದ್ದಲ್ಲ ಅಂತ ತಾತ ಬೆರಳಿಟ್ಟು ತೋರಿಸಿದರು. ಆಶ್ ಅನ್ನೋ ಮರದ ಬುಡದಲ್ಲಿ, ಕಾಂಡ ಬೇರಾಗಿ ತಿರುಗುವ ಕಡೆ, ನಾರೇ ಬಾಗಿರುತ್ತದೆ. ಅಲ್ಲಿಂದ ಸೀಳಿ ತೆಗೆದ ಹಲಗೆಯಾದರೆ ಪೆಟ್ಟು ಬಿದ್ದರೂ ಬೇಗ ಮುರಿಯುವುದಿಲ್ಲ. ನೇರ ಹಲಗೆಯಲ್ಲಿ ಬಾಗು ಕತ್ತರಿಸಿದರೆ ಎರಡೇ ಏಟಿಗೆ ಚೂರು. ನನ್ನ ತಾತ ನೇಗಿಲಿಗೆ ಮರ ಹುಡುಕಲು ಹೋಗುತ್ತಿದ್ದುದು ನೆನಪಾಯಿತು. ತಾನಾಗಿ ಬಾಗಿದ ಜಾಲಿಯ ಕೊಂಬೆಗಾಗಿ ಆಚಾರಿಯನ್ನು ಕರೆದುಕೊಂಡು ಏರಿ ಮೇಲೆಲ್ಲ ಅಲೆಯುತ್ತಿದ್ದರು. ಇದೇ ಕಾರಣಕ್ಕೆ. ಈಗ ಆಶ್ ಮರಗಳಿಗೆ ಶಿಲೀಂಧ್ರ ರೋಗ. ಐರ್ಲೆಂಡಿನಲ್ಲಿ ಮೊದಲು ಕಂಡದ್ದು 2012ರಲ್ಲಿ, ತೋಪು ತೋಪೇ ಒಣಗುತ್ತಿವೆ. ಬಿದಿರಿನ ಹರ್ಲಿಗಳೂ ಬಂದಿವೆ. "ಬಿದಿರು ನಿಮ್ಮ ಕಡೆಯದ್ದಲ್ಲವಾ" ಅಂದರು, ತಪ್ಪು ನನ್ನದೇ ಅನ್ನುವಂತೆ.

ಇಷ್ಟು ಹೊತ್ತಿಗೆ ಮೈದಾನದಲ್ಲಿ ಟಿಪ್ಪರರಿಯ ಕಥೆ ಕೆಡುತ್ತಿತ್ತು. ಹಸಿರು ಬಾವುಟ ಏಳುವುದು ಕಾರ್ಕಿಗೇ. ಅಲನ್ ಕೊನೊಲಿ ಅನ್ನೋ ಹುಡುಗ ಒಬ್ಬನೇ ಮೂರು ಗೋಲು ಹೊಡೆದ. ಒಂದೊಂದು ಗೋಲಿಗೂ ನನ್ನ ಎಡಗಡೆಯವನು ಎದ್ದು ನನ್ನ ಕತ್ತು ತಬ್ಬಿಕೊಳ್ಳುವುದು, ಬಲಗಡೆಯವರು ಟೋಪಿ ತೆಗೆದು ಮಂಡಿ ಮೇಲೆ ಇಟ್ಟುಕೊಳ್ಳುವುದು. ನಾನು ಕೆಂಪಂಗಿ ಹಾಕಿಕೊಂಡು ಚಪ್ಪಾಳೆ ತಟ್ಟಲೂ ಆಗದೆ ತಟ್ಟದಿರಲೂ ಆಗದೆ ಕೈ ಎರಡೂ ಜೇಬಿಗೆ ಹಾಕಿಕೊಂಡೆ. ಮದುವೆ ಮನೆಯಲ್ಲಿ ಎರಡೂ ಕಡೆಯ ನೆಂಟನಾದವನ ಪಾಡು.

ಮಧ್ಯಂತರದಲ್ಲಿ ತಾತ ಫ್ಲಾಸ್ಕಿನಿಂದ ನನಗೂ ಚಹಾ ಬಗ್ಗಿಸಿದರು. ಕ್ರೋಕ್ ಪಾರ್ಕ್ ನೋಡಿದ್ದೀಯಾ ಅಂತ ಕೇಳಿದರು. ಡಬ್ಲಿನ್ನಿನ ದೊಡ್ಡ ಸ್ಟೇಡಿಯಂ ಅದು, ಎಂಬತ್ತೆರಡು ಸಾವಿರ ಜನ ಹಿಡಿಸುವಂಥದ್ದು. ಹೊರಗಿನಿಂದ ನೋಡಿದ್ದೇನೆ ಅಂದೆ. ಅಲ್ಲಿನ ಹೋಗನ್ ಸ್ಟ್ಯಾಂಡ್ ಟಿಪ್ಪರರಿಯ ಹುಡುಗನ ಹೆಸರಿನದು ಅಂತ ಹೇಳಿದರು. 1920ರ ನವೆಂಬರ್ 21, ಡಬ್ಲಿನ್–ಟಿಪ್ಪರರಿ ಗೇಲಿಕ್ ಫುಟ್‌ಬಾಲ್ ಮ್ಯಾಚು ನಡೆಯುವಾಗ ಬ್ರಿಟಿಷ್ ಪಡೆಗಳು ಒಳಗೆ ನುಗ್ಗಿ ಗುಂಡು ಹಾರಿಸಿದವು. ಹದಿನಾಲ್ಕು ಜನ ಸತ್ತರು. ಆಟಗಾರರಲ್ಲಿ ಸತ್ತವನು ಮೈಕೇಲ್ ಹೋಗನ್, ಟಿಪ್ಪರರಿಯ ಅಂಗಿಯಲ್ಲೇ. ಜಲಿಯನ್‌ವಾಲಾ ಬಾಗ್ ಅದರ ಹಿಂದಿನ ವರ್ಷ ಅಂದೆ. ಅವರಿಗೆ ಗೊತ್ತಿತ್ತು, ತಲೆಯಾಡಿಸಿದರು. ಆಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರಾಗಿದ್ದು ಡಯರ್ ಮಾಡಿದ್ದು ಸರಿ ಎಂದ ಮೈಕೇಲ್ ಓಡ್ವಾಯರ್ ಹುಟ್ಟಿದ್ದೂ ಇದೇ ಟಿಪ್ಪರರಿ ಜಿಲ್ಲೆಯಲ್ಲಿ. ಅದು ನಾಲಿಗೆಯ ತುದಿಗೆ ಬಂದಿತ್ತು. ಅವರ ಫ್ಲಾಸ್ಕಿನ ಚಹಾ ಕೈಯಲ್ಲಿತ್ತು. ಕುಡಿದು ಸುಮ್ಮನಾದೆ.

ಎರಡನೇ ಅರ್ಧದಲ್ಲಿ ನೀಲಿ–ಹಳದಿ ಸೀಟುಗಳು ಖಾಲಿಯಾಗತೊಡಗಿದವು. ಚಿನ್ನಸ್ವಾಮಿಯಲ್ಲಿ ನಾವು ಸೋಲುವಾಗಲೂ ಹೀಗೇ, ಪಾರ್ಕಿಂಗ್ ನೆಪ ಹೇಳಿ ಎದ್ದು ಹೋಗುತ್ತೇವೆ. ತಾತ ಕದಲಲಿಲ್ಲ. ಹುಡುಗಿ ಒಂದು ಸಲ ತೋಳು ಜಗ್ಗಿದಳು. "ಆಡುವ ಹುಡುಗರಿಗೆ ಎದ್ದು ಹೋಗುವ ಹಾಗಿದೆಯಾ?" ಅಂದರು. ಆಮೇಲೆ ಅವಳೂ ಜಗ್ಗಲಿಲ್ಲ. ಹನ್ನೆರಡನೇ ನಂಬರಿನವನ ಅಜ್ಜಿ ಯಾರು, ಬದಲಿಯಾಗಿ ಬಂದವನ ಚಿಕ್ಕಪ್ಪ ಎಷ್ಟು ಒಳ್ಳೆಯ ಕುರಿ ಸಾಕುತ್ತಾನೆ, ಇಂಥವೇ ಮಾತು. ತಪ್ಪು ಹೊಡೆದವನನ್ನೂ ಹೆಸರು ಹಿಡಿದು, ಅಣ್ಣನ ಮಗನನ್ನು ಬೈಯುವ ಹಾಗೆ ಬೈಯುತ್ತಿದ್ದರು. ನಾನು ಕೊಹ್ಲಿಯನ್ನು ಹಾಗೆ ಬೈದದ್ದುಂಟು. ಆದರೆ ಅವನಜ್ಜಿ ಯಾರೋ ನನಗೆ ಗೊತ್ತಿಲ್ಲ.

ಎಪ್ಪತ್ತು ನಿಮಿಷದ ಕೊನೆಗೆ ಬೋರ್ಡಿನಲ್ಲಿ ಕಾರ್ಕ್ 4-30, ಟಿಪ್ಪರರಿ 1-21. ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟು. ಈ ಗಣಿತಕ್ಕೆ ನನಗೆ ಅಲ್ಲಿಯವರೆಗೂ ಅಭ್ಯಾಸವಾಗಿರಲಿಲ್ಲ. ಬೆರಳು ಮಡಿಸಿ ಕೂಡಿದೆ, 42 ಮತ್ತು 24. ಹದಿನೆಂಟರ ಅಂತರ, ಅದೂ ಸ್ವಂತ ಮೈದಾನದಲ್ಲಿ. ಟಿಪ್ಪರರಿಯ ಆ ವರ್ಷದ ಆಸೆ ಅಲ್ಲಿಗೆ ಮುಗಿಯಿತು. ತಾತ ಎದ್ದು ನನ್ನನ್ನು ದಾಟಿ ನನ್ನ ಗೆಳೆಯನ ಕೈ ಕುಲುಕಿದರು. ಅವನು ಇಷ್ಟು ಹೊತ್ತು ಕುಣಿದವನು ನಾಚಿಕೊಂಡು, ನಿಮ್ಮ ಹುಡುಗರು ಚಿಕ್ಕವರು, ಬರ್ತಾರೆ ಬಿಡಿ ಅಂತೇನೋ ಗೊಣಗಿದ.

ಬಾಗಿಲು ತೆಗೆದರೋ ಜನರೇ ನುಗ್ಗಿದರೋ, ನೋಡನೋಡುತ್ತಲೇ ಮೈದಾನದ ತುಂಬ ಮಕ್ಕಳು. ಎಲ್ಲರ ಕೈಲೂ ಒಂದೊಂದು ಹರ್ಲಿ. ಈಗಷ್ಟೇ ಸೋತ ಆಟಗಾರರು ಮಣ್ಣಾದ ಮೈಯಲ್ಲೇ ನಿಂತು ಅವರ ಟೋಪಿಗಳಿಗೆ ಸಹಿ ಹಾಕುತ್ತಿದ್ದರು. ಹುಡುಗಿ ನನ್ನನ್ನೂ ಎಳೆದುಕೊಂಡು ಹೋದಳು. ಚೆಂಡು ಹುಲ್ಲಿನ ಮೇಲಿಟ್ಟು, ಎತ್ತು ಅಂದಳು. ಚಿನ್ನಿದಾಂಡು ಆಡಿದ ಕೈಯಲ್ಲವೇ ನನ್ನದು, ದಾಂಡಿನಿಂದ ಚಿನ್ನಿಯ ಮೂತಿಗೆ ಕೊಡುವ ಹಾಗೆ ಪಟ್ಟನೆ ಕೊಟ್ಟೆ. ಚಿನ್ನಿಗೆ ಮೂತಿ ಇರುತ್ತದೆ, ಚೆಂಡಿಗೆ ಎಲ್ಲಿಯದು? ಅದು ಹುಲ್ಲಿನಲ್ಲಿ ಇನ್ನಷ್ಟು ಹೂತುಕೊಂಡಿತು. ಎರಡನೇ ಸಲ ಒಂದು ಹಿಡಿ ಹುಲ್ಲು ಎದ್ದು ಬಂತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಕೋಲನ್ನು ಚೆಂಡಿನ ಮೇಲಿಟ್ಟು ತನ್ನ ಕಡೆ ಉರುಳಿಸಿಕೊಂಡು, ಅದು ಉರುಳುತ್ತಿರುವಾಗಲೇ ತುದಿಯನ್ನು ಅಡಿಗೆ ಜಾರಿಸಿದಳು. ಚೆಂಡು ಬೆಕ್ಕಿನಮರಿಯ ಹಾಗೆ ಕೈಗೆ ಹಾರಿ ಬಂತು. ಏಳನೆಯದೋ ಎಂಟನೆಯದೋ ಪ್ರಯತ್ನಕ್ಕೆ ನನಗೂ ಎದ್ದಿತು. ಎದ್ದದ್ದೇ ಪುಲ್ ಶಾಟ್ ಹೊಡೆದೆ. ಅಂಗೈಯೆಲ್ಲ ಜುಮ್ಮೆಂದಿತು. ಚೆಂಡು ಎಡಕ್ಕೆ, ಮಿಡ್‌ವಿಕೆಟ್ಟಿನ ಕಡೆಗೆ ಹಾರಿ ಯಾರದೋ ಪ್ರ್ಯಾಮಿನ ಹತ್ತಿರ ಬಿತ್ತು. ಕ್ಷಮೆ ಕೇಳಲು ಓಡಿದೆ. ಪುಣ್ಯಕ್ಕೆ ಪ್ರ್ಯಾಮಿನಲ್ಲಿ ಬರೀ ಕೋಟುಗಳಿದ್ದವು.

"ಯಾವೂರು ಅಂದೆ?" ತಾತ ಹೊರಡುವಾಗ ಮತ್ತೆ ಕೇಳಿದರು.

"ಮಂಡ್ಯ."

"ಮಾಂಡಿಯಾ," ಅಂದರು. ಮೊಮ್ಮಗಳ ಕಡೆ ತಿರುಗಿ, "ಸಕ್ಕರೆ ಊರು, ನಮ್ಮ ಹಾಗೆ."

ಅವಳಿಗೆ ಸಕ್ಕರೆಯ ಚಿಂತೆಯಿಲ್ಲ. ಕೋಲು ನನ್ನ ಕೈಯಿಂದ ಕಸಿದುಕೊಂಡು, "ಮುಂದಿನ ಸಲ ಈ ಅಂಗಿ ಹಾಕ್ಕೊಂಡು ಬರಬೇಡ" ಅಂದಳು.

ವಾಪಸ್ ರೈಲಿನಲ್ಲಿ ಗೆಳೆಯ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ಆರ್‌ಸಿಬಿ ಮೂರೇ ದಿನಕ್ಕೆ ರಾಜಸ್ಥಾನದ ಕೈಲಿ ಸೋತು ಮನೆಗೆ ಬಂತು, ಅದು ಬೇರೆ ಸಂಕಟ.

ಮುಂದಿನ ವರ್ಷ, 2025ರ ಜುಲೈ 20ಕ್ಕೆ, ಅದೇ ಎರಡು ತಂಡ ಕ್ರೋಕ್ ಪಾರ್ಕಿನಲ್ಲಿ ಆಲ್ ಐರ್ಲೆಂಡ್ ಫೈನಲ್ಲಿಗೆ ಬಂದವು. ಟಿಕೆಟ್ ಸಿಗಲಿಲ್ಲ, ಗೆಳೆಯನ ಮನೆಯಲ್ಲಿ ಟೀವಿ ಮುಂದೆ ಕೂತೆವು. ಅರ್ಧಕ್ಕೆ ಕಾರ್ಕ್ ಆರು ಪಾಯಿಂಟ್ ಮುಂದಿತ್ತು, ಅವನಾಗಲೇ ಷಾಂಪೇನ್ ಮಾತಾಡುತ್ತಿದ್ದ. ಎರಡನೇ ಅರ್ಧದಲ್ಲಿ ಇಡೀ ಕಾರ್ಕ್ ತಂಡಕ್ಕೆ ಬಂದದ್ದು ಎರಡೇ ಎರಡು ಪಾಯಿಂಟು. ಟಿಪ್ಪರರಿ 3-27, ಕಾರ್ಕ್ 1-18. ಈ ಸಲ ಬೆರಳು ಮಡಿಸದೆ ಕೂಡಿದೆ. ಗೆಳೆಯ ಟೀವಿ ಆರಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಕೆಂಪಂಗಿ ಎಲ್ಲಿ?" ಅಂದ.

ಒಗೆಯೋಕೆ ಹಾಕಿದ್ದೇನೆ ಅಂದೆ.